ಅತ್ತಿಗೆ, ಆ ಕಾಗದಕ್ಕೆ ಈಗಲೇ ಸಹಿ ಹಾಕಬೇಡಿ

ಅತ್ತಿಗೆ, ನಿಮ್ಮ ಮೆಸೇಜು ಈಗಷ್ಟೇ ನೋಡಿದೆ. ಗಾಳಿಗೆ ಹಿಂಬದಿಯ ಹೆಂಚು ಹಾರಿ ಮಲಗುವ ಕೋಣೆಗೆಲ್ಲ ನೀರು ಬಂದಿದೆ, ಯಾರೋ ಮನೆಗೇ ಬಂದು "ಮನೆ ವಿಮೆಯ ಕ್ಲೇಮ್ ನಾನು ಮಾಡಿಸಿಕೊಡುತ್ತೇನೆ, ಬಂದ ದುಡ್ಡಲ್ಲಿ ಪಾಲು ಕೊಡಿ, ಇಲ್ಲಿ ಸಹಿ ಹಾಕಿ" ಅಂದಿದ್ದಾರೆ ಅಂತ ಬರೆದಿದ್ದೀರಿ. ಸಹಿ ಬೇಡ. ಕ್ಲೇಮ್ ದುಡ್ಡು ತೆಗೆದುಕೊಳ್ಳುವ ಹಕ್ಕನ್ನೇ ಬರೆದುಕೊಡುವ ಸಾಲು ಅಂಥ ಕಾಗದದಲ್ಲಿ ಇರುವುದುಂಟು. ಕರೆಯದೆ ಬಂದವರಿಗೆ ಅಷ್ಟು ಅವಸರ ಯಾಕೆ ಅಲ್ವಾ? ಸಹಾಯ ಬೇಕಿದ್ದರೆ ಮೊದಲು ಪಾಲಿಸಿ ಮಾಡಿಸಿದ ಏಜೆಂಟರನ್ನೇ ಹಿಡಿಯಿರಿ.

ಕಂಪನಿಗೆ ಇವತ್ತೇ ತಿಳಿಸಿ, ಕ್ಲೇಮ್ ನಂಬರ್ ಬರೆದಿಟ್ಟುಕೊಳ್ಳಿ. ಆದರೆ ಸುಮ್ನೆ "ಮನೆ ಸೋರುತ್ತಿದೆ" ಅಂತ ಬರೆಯಬೇಡಿ. ಸೋರುವುದು ಹಳೆ ಮಾಡಿನ ಸವೆತದಿಂದಲೂ ಆಗಬಹುದು, ಸವೆತಕ್ಕೆ ವಿಮೆಯವರು ದುಡ್ಡು ಕೊಡುವುದಿಲ್ಲ. ನಡೆದದ್ದನ್ನು ನಡೆದ ಹಾಗೇ ಬರೆಯಿರಿ: ಇಂಥ ದಿನ, ಇಷ್ಟು ಹೊತ್ತಿಗೆ ಬಿರುಗಾಳಿಗೆ ಹೆಂಚು ಹಾರಿತು, ತೆರೆದ ಜಾಗದಿಂದ ಮಳೆ ನೀರು ಒಳಗೆ ಬಂತು. ಆ ದಿನದ ಗಾಳಿಯ ಸುದ್ದಿ ಪತ್ರಿಕೆಯಲ್ಲಿ ಬಂದಿದ್ದರೆ ಕತ್ತರಿಸಿ ಇಟ್ಟುಕೊಳ್ಳಿ.

ಒಡೆದ ಹೆಂಚುಗಳನ್ನು ದಯವಿಟ್ಟು ಎಸೆಯಬೇಡಿ. ಹೊಸದಾಗಿ ಒಡೆದ ಅಂಚು ಕೆಂಪಗೆ, ಚೊಕ್ಕವಾಗಿರುತ್ತದೆ. ಹಳೆ ಬಿರುಕಾದರೆ ಅಂಚಿನಲ್ಲಿ ಪಾಚಿ, ಕಪ್ಪು ಕೂತಿರುತ್ತದೆ. ಗಾಳಿಗೆ ಒಡೆದದ್ದೋ, ಮೊದಲೇ ಒಡೆದಿತ್ತೋ ಅನ್ನೋದಕ್ಕೆ ಆ ಚೂರೇ ಸಾಕ್ಷಿ. ಅಂಚು ಕಾಣುವ ಹಾಗೆ ಹತ್ತಿರದಿಂದ ಒಂದು ಫೋಟೋ, ಇಡೀ ಮಾಡು ಕಾಣುವ ಹಾಗೆ ದೂರದಿಂದ ಒಂದು. ಗಾಳಿಗೆ ಮುಂಚಿನ ಯಾವುದಾದರೂ ಹಬ್ಬದ, ಮದುವೆಯ ಫೋಟೋದಲ್ಲಿ ಹಿಂದೆ ಮಾಡು ಕಾಣಿಸುತ್ತಿದ್ದರೆ ಅದು ಚಿನ್ನ!

ಫೋಟೋ ಆದ ಮೇಲೆ ಟಾರ್ಪಾಲು ಹೊದಿಸಿಬಿಡಿ, ನಷ್ಟ ನೋಡಲು ಕಂಪನಿ ಕಳಿಸುವ ಸರ್ವೇಯರ್ ಬರಲಿ ಅಂತ ಕಾಯಬೇಡಿ. ನಷ್ಟ ಜಾಸ್ತಿ ಆಗದಂತೆ ನೋಡಿಕೊಳ್ಳುವುದು ನಮ್ಮ ಹೊಣೆ ಅಂತ ಪಾಲಿಸಿಯಲ್ಲೇ ಇರುತ್ತದೆ. ಟಾರ್ಪಾಲು, ಕೂಲಿ ಎರಡಕ್ಕೂ ಬಿಲ್ ಇಟ್ಟುಕೊಳ್ಳಿ. ಪೂರ್ತಿ ರಿಪೇರಿ ಮಾತ್ರ ಅವರು ನೋಡಿ ಹೋದ ಮೇಲೆ.

ಸರ್ವೇಯರ್ ಬಂದಾಗ ಜೊತೆಗೇ ನಿಂತು ತೋರಿಸಿ. ಒದ್ದೆಯಾದ ರೀಪು, ಗೋಡೆ ಮೇಲಿನ ಕಲೆ, ನೆನೆದ ಹಾಸಿಗೆ, ಎಲ್ಲವನ್ನೂ. ಹಾಸಿಗೆಯಂಥ ಸಾಮಾನಿಗೆ ವಿಮೆ ಬೇರೆ ಇರಬಹುದು, ಪಾಲಿಸಿ ನೋಡಬೇಕು. ಮೇಸ್ತ್ರಿಯ ಎಸ್ಟಿಮೇಟಿನಲ್ಲಿ ಹೆಂಚು ಎಷ್ಟು, ಮರ ಎಷ್ಟು, ಕೂಲಿ ಎಷ್ಟು ಅಂತ ಬಿಡಿಬಿಡಿಯಾಗಿ ಬರೆಸಿ. ಒಟ್ಟು ಮೊತ್ತ ಮಾತ್ರ ಇದ್ದರೆ ಕಡಿತ ಮಾಡುವುದು ಕಂಪನಿಗೆ ಸುಲಭ.

ಖರ್ಚಾದಷ್ಟೂ ಬರುತ್ತದೆ ಅಂತ ಲೆಕ್ಕ ಹಾಕಬೇಡಿ. ಹಳೆ ಮಾಡು ಅಂತ ಸವಕಳಿ ಕಳೆಯಬಹುದು, ನಾವೇ ಹೊರಬೇಕಾದ ಪಾಲೂ ಇರಬಹುದು. ಮನೆ ಬೆಲೆಯ ಅರ್ಧಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ ಕೆಲವು ಪಾಲಿಸಿಗಳಲ್ಲಿ ನಷ್ಟದ ಅರ್ಧವೇ ಸಿಗುವುದು. ಇದು ಸಿಟ್ಟು ಬರಿಸುವ ವಿಷಯವೇ, ಆದರೆ ಷರತ್ತಿನಲ್ಲಿ ಇರುತ್ತದೆ. ಕಡಿಮೆ ಕೊಟ್ಟರೆ, ಇಲ್ಲವೇ ತಿರಸ್ಕರಿಸಿದರೆ, ಯಾವ ಷರತ್ತಿನ ಪ್ರಕಾರ ಅಂತ ಬರಹದಲ್ಲೇ ಕೇಳಿ. "ಪೂರ್ಣ ಮತ್ತು ಅಂತಿಮ" ಅಂತಿರುವ ರಸೀದಿಗೆ ಒಪ್ಪಿಗೆ ಇಲ್ಲದೆ ಸಹಿ ಹಾಕಬೇಡಿ. ಕಂಪನಿಯ ದೂರು ವಿಭಾಗ, ಅಲ್ಲಿ ಆಗದಿದ್ದರೆ ವಿಮೆಯ ದೂರು ವಿಚಾರಿಸುವ ಒಂಬುಡ್ಸ್‌ಮನ್, ದಾರಿ ಇದೆ.

ಪಾಲಿಸಿಯ ಫೋಟೋ ನನಗೊಬ್ಬಳಿಗೇ ಕಳಿಸಿ, ಗ್ರೂಪಿಗೆ ಹಾಕಬೇಡಿ, ಅದರಲ್ಲಿ ನಂಬರ್ ಎಲ್ಲ ಇರುತ್ತದೆ. ರಾತ್ರಿ ಓದಿ ಫೋನ್ ಮಾಡುತ್ತೇನೆ. ಅಣ್ಣನಿಗೆ ಹೇಳಿ, ಫೋಟೋಗೆ ಅಂತ ಒದ್ದೆ ಮಾಡು ಹತ್ತುವುದು ಬೇಡ, ಕೆಳಗೆ ನಿಂತು ಜೂಮ್ ಮಾಡಿದರೆ ಸಾಕು.