ನೀರಿನ ಮೀಟರ್ ರೀಡಿಂಗ್ ಸಿಗದ ಫ್ಲಾಟ್‌ಗೆ ಸ್ಪ್ರೆಡ್‌ಶೀಟ್‌ನಲ್ಲಿ ಏನು ಹಾಕಬೇಕು?

ಬಿಬ್ಲಾಕ್_ಲೆಕ್ಕ
ವೈಟ್‌ಫೀಲ್ಡ್ ಕಡೆ 48 ಫ್ಲಾಟ್‌ನ ಅಪಾರ್ಟ್‌ಮೆಂಟ್ ನಮ್ಮದು. ಬೋರ್‌ವೆಲ್ ಸಾಲದೆ ಟ್ಯಾಂಕರ್ ತರಿಸುತ್ತೇವೆ, ಮೀಟರ್ ನೋಡಿ ದುಡ್ಡು ಹಂಚುತ್ತೇವೆ. ಬಿ ಕಾಲಂನಲ್ಲಿ ಹೋದ ತಿಂಗಳ ರೀಡಿಂಗ್, ಸಿಯಲ್ಲಿ ಈ ತಿಂಗಳದ್ದು, ಡಿಯಲ್ಲಿ =ಸಿ2-ಬಿ2. ಮೀಟರ್ ಇರುವುದು ಮನೆಯೊಳಗಿನ ಯುಟಿಲಿಟಿಯಲ್ಲಿ, ಬೀಗ ಹಾಕಿ ಊರಿಗೆ ಹೋದವರದ್ದು ಸಿಗುವುದೇ ಇಲ್ಲ. ಖಾಲಿ ಬಿಟ್ಟರೆ ಒಬ್ಬರ ಬಳಕೆ -1482 ಅಂತ ಬಂದು ಒಟ್ಟು ಲೆಕ್ಕವೇ ಕೆಡುತ್ತದೆ. "ಬೀಗ" ಅಂತ ಬರೆದರೆ #ವ್ಯಾಲ್ಯೂ! ಅನ್ನುವ ಎರರ್ ಬರುತ್ತದೆ. ಏನು ಮಾಡಲಿ?

ಸೆಲ್_ಸ್ವಾಮಿ
ಕಳೆಯುವಾಗ ಖಾಲಿ ಸೆಲ್ ಅಂದರೆ ಸೊನ್ನೆ. ಆವರೇಜ್ ಫಂಕ್ಷನ್ ಖಾಲಿಯನ್ನು ಬಿಟ್ಟು ಲೆಕ್ಕ ಹಾಕುತ್ತದೆ, ಮೈನಸ್ ಚಿಹ್ನೆಗೆ ಆ ದಾಕ್ಷಿಣ್ಯ ಇಲ್ಲ. ರೀಡಿಂಗ್ ಇಲ್ಲದ ಕಡೆ =ಎನ್‌ಎ() ಹಾಕಿ. ಆ ಸೆಲ್ ಬಳಸುವ ಎಲ್ಲ ಕಡೆ #ಎನ್/ಎ (ಅಂಕಿ ಲಭ್ಯವಿಲ್ಲ ಅನ್ನುವ ಎರರ್) ಬರುತ್ತದೆ, ಬರಲಿ ಬಿಡಿ, ಸುಳ್ಳು ಅಂಕಿಗಿಂತ ವಾಸಿ ಅಲ್ವಾ? ಒಟ್ಟು ಮೊತ್ತಕ್ಕೆ, ಸೊನ್ನೆ ಅಥವಾ ಅದಕ್ಕಿಂತ ಹೆಚ್ಚಿನ ಅಂಕಿಗಳನ್ನು ಮಾತ್ರ ಕೂಡುವ =ಸಮ್‌ಇಫ್(ಡಿ2:ಡಿ49,">=0").

ಜಯನಗರದ_ಗುಮಾಸ್ತ
ಇಷ್ಟೆಲ್ಲ ಯಾಕೆ? =ಇಫ್(ಸಿ2="","",ಸಿ2-ಬಿ2) ಸಾಕು, ನೋಡೋಕೂ ಚೆನ್ನಾಗಿರುತ್ತದೆ.

ಸೆಲ್_ಸ್ವಾಮಿ
ನೋಡೋಕೆ ಮಾತ್ರ. ಆ "" ಖಾಲಿ ಅಲ್ಲ, ಅಕ್ಷರವಿಲ್ಲದ ಟೆಕ್ಸ್ಟ್. ಮುಂದಿನ ಕಾಲಂನಲ್ಲಿ ಅದನ್ನು ರೇಟ್‌ಗೆ ಗುಣಿಸಿದ ತಕ್ಷಣ ಎಕ್ಸೆಲ್‌ನಲ್ಲಿ ಮತ್ತೆ ಅದೇ #ವ್ಯಾಲ್ಯೂ!. ಖಾಲಿಯಲ್ಲದ ಸೆಲ್ ಎಣಿಸುವ ಕೌಂಟ್‌ಎ ಕೂಡ ಅದನ್ನು ಎಣಿಸಿಬಿಡುತ್ತದೆ.

ಟ್ಯಾಂಕರ್_ಪುರಾಣ
ಸ್ವಾಮಿಯವರ ಸಮ್‌ಇಫ್‌ನಲ್ಲೂ ಒಂದು ತೊಂದರೆ ಇದೆ. ಮೀಟರ್ ಬದಲಾಯಿಸಿದ ಮನೆಗೆ ಮೈನಸ್ ಬರುತ್ತದೆ, ಇದು ಅದನ್ನೂ ಸುಮ್ನೆ ನುಂಗಿಬಿಡುತ್ತದೆ. ಎಕ್ಸೆಲ್ ಆದರೆ =ಅಗ್ರಿಗೇಟ್(9,6,ಡಿ2:ಡಿ49) ಬಳಸಿ, 9 ಅಂದರೆ ಮೊತ್ತ, 6 ಅಂದರೆ ಎರರ್ ಬಿಟ್ಟುಬಿಡು. ಗೂಗಲ್ ಶೀಟ್ಸ್‌ನಲ್ಲಿ ಈ ಫಂಕ್ಷನ್ ಇಲ್ಲ. ಪಕ್ಕದಲ್ಲೇ =ಕೌಂಟ್‌ಇಫ್(ಡಿ2:ಡಿ49,"#ಎನ್/ಎ") ಇಟ್ಟರೆ ಎಷ್ಟು ಮನೆ ಬಾಕಿ ಅಂತ ಕಮಿಟಿಯವರಿಗೂ ಕಾಣುತ್ತದೆ. ದಯವಿಟ್ಟು ಯಾವ ಎರರ್ ಬಂದರೂ ಮರೆಮಾಡುವ ಇಫ್‌ಎರರ್ ಹಾಕಿ ಎಲ್ಲ ಮುಚ್ಚಬೇಡಿ, ಫಾರ್ಮುಲಾ ನಿಜವಾಗಿ ಮುರಿದಿದ್ದರೂ ಗೊತ್ತಾಗಲ್ಲ. ಬೇಕೇ ಬೇಕು ಅಂದರೆ #ಎನ್/ಎ ಒಂದನ್ನೇ ಮುಚ್ಚುವ ಇಫ್‌ಎನ್‌ಎ ಇದೆ, ಎಕ್ಸೆಲ್ 2013ರಿಂದ.

ನಿಜವಾದ ತಲೆನೋವು ಮುಂದಿನ ತಿಂಗಳು. ಬೀಗ ತೆಗೆದರೂ ಹಳೇ ರೀಡಿಂಗ್ #ಎನ್/ಎ, ಹಾಗಾಗಿ ಬಳಕೆಯೂ #ಎನ್/ಎ. ತಿಂಗಳಿಗೊಂದು ಕಾಲಂ ಇಟ್ಟುಕೊಳ್ಳಿ, ಬಿಯಿಂದ ಎಫ್‌ವರೆಗೆ ಹಳೇ ತಿಂಗಳುಗಳಿದ್ದರೆ =ಲುಕಪ್(9^9,ಬಿ2:ಎಫ್2) ಸಾಲಿನ ಕೊನೆಯ ಅಂಕಿಯನ್ನು ಹುಡುಕಿ ಕೊಡುತ್ತದೆ, ನಡುವಿನ #ಎನ್/ಎ ಲೆಕ್ಕಕ್ಕಿಲ್ಲ. ಅದನ್ನೇ ಹಳೇ ರೀಡಿಂಗ್ ಅಂತ ಕಳೆಯಿರಿ. ಸ್ಲ್ಯಾಬ್ ರೇಟ್ (ಬಳಕೆ ಹೆಚ್ಚಿದಂತೆ ಏರುವ ದರ) ಇದೆಯಾ ನಿಮ್ಮಲ್ಲಿ? ಇದ್ದರೆ ಎರಡು ತಿಂಗಳ ಬಳಕೆಯನ್ನು ಒಂದೇ ಬಿಲ್‌ಗೆ ಹಾಕಬೇಡಿ, ಪಾಪ ಮೇಲಿನ ಸ್ಲ್ಯಾಬ್‌ಗೆ ಹೋಗಿ ಜಾಸ್ತಿ ಕಟ್ಟಬೇಕಾಗುತ್ತದೆ. ಎರಡು ಭಾಗ ಮಾಡಿ ಸ್ಲ್ಯಾಬ್ ಹಚ್ಚಿ.

ಬಿಬ್ಲಾಕ್_ಲೆಕ್ಕ
ಸ್ಲ್ಯಾಬ್ ಇದೆ, ಅದು ತಲೆಗೇ ಹೊಳೆದಿರಲಿಲ್ಲ. ನೋಟಿಸ್ ಬೋರ್ಡ್‌ಗೆ ಪ್ರಿಂಟ್ ಹಾಕುವಾಗ ಆ #ಎನ್/ಎ ಕಾಣದ ಹಾಗೆ ಮಾಡಬಹುದಾ? ಹಿರಿಯರು ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿ ಕೇಳುತ್ತಾರೆ.

ಸೆಲ್_ಸ್ವಾಮಿ
ಎಕ್ಸೆಲ್‌ನ ಪೇಜ್ ಸೆಟಪ್‌ನಲ್ಲಿ ಶೀಟ್ ಟ್ಯಾಬ್‌ಗೆ ಹೋಗಿ, ಸೆಲ್ ಎರರ್ಸ್ ಆಸ್ ಅಂತ ಇದೆ, ಅಲ್ಲಿ -- ಆರಿಸಿ. ಪ್ರಿಂಟ್‌ನಲ್ಲಿ ಮಾತ್ರ ಬದಲಾಗುತ್ತದೆ, ಶೀಟ್ ಹಾಗೇ ಇರುತ್ತದೆ.