ಮನೆಯಲ್ಲೇ ಹಣ್ಣಿನ ಐಸ್ ಕ್ಯಾಂಡಿ: ಕಲ್ಲಿನಂತೆ ಗಟ್ಟಿಯಾಗದಿರಲು ಏನು ಮಾಡಬೇಕು?

ರಾಯಚೂರಿನಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್ ಬಂತೆಂದರೆ ಮಧ್ಯಾಹ್ನ 40 ಡಿಗ್ರಿ ಮುಟ್ಟುತ್ತದೆ. ಗಾಡಿಯ ಗಂಟೆ ಕೇಳಿದರೆ ಸಾಕು, ಮಕ್ಕಳು ಐಸ್ ಕ್ಯಾಂಡಿ ಬೇಕು ಅಂತ ಹಟ ಹಿಡಿಯುತ್ತಾರೆ. ಅದರ ಬಣ್ಣ ನೋಡಿದರೆ ನನಗೆ ಕೊಡಿಸಲು ಮನಸ್ಸು ಬರುವುದಿಲ್ಲ. ಯಾವ ನೀರೋ ಏನೋ. ಮನೆಯಲ್ಲೇ ಕಲ್ಲಂಗಡಿ ರಸ ತೆಗೆದು ಅಚ್ಚಿಗೆ ಹಾಕಿ ಫ್ರೀಜರ್‌ನಲ್ಲಿ ಇಟ್ಟರೆ ಹಲ್ಲು ಊರಲಾಗದಷ್ಟು ಗಟ್ಟಿಯಾಗುತ್ತದೆ. ನಾಲ್ಕು ಸಲ ಚೀಪಿದರೆ ಬಣ್ಣ, ರುಚಿ ಎಲ್ಲ ಹೋಗಿ ಕಡ್ಡಿಯಲ್ಲಿ ಬರೀ ಬಿಳಿ ಮಂಜುಗಡ್ಡೆ ಉಳಿಯುತ್ತದೆ. ಪುದೀನ, ತುಳಸಿ ಹಾಕಿಯೂ ಮಾಡುತ್ತಾರಂತೆ. ಮನೆಯ ಫ್ರಿಜ್‌ನಲ್ಲೇ, ಬೇರೆ ಮಿಷನ್ ಇಲ್ಲದೆ, ಮೃದುವಾಗಿ ಬರುವಂತೆ ಮಾಡುವುದು ಹೇಗೆ? ಮಾಡಿ ರೂಢಿ ಇರುವವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ:

ಅಕ್ಕಾ, ನೀವು ಹೇಳಿದ ಎರಡೂ ತೊಂದರೆಗೆ ಕಾರಣ ಒಂದೇ. ರಸದಲ್ಲಿ ಮೊದಲು ಹೆಪ್ಪುಗಟ್ಟುವುದು ನೀರು ಮಾತ್ರ. ಸಕ್ಕರೆ, ಬಣ್ಣ, ಹುಳಿ ಎಲ್ಲವನ್ನೂ ಅದು ಪಕ್ಕಕ್ಕೆ ತಳ್ಳುತ್ತಾ ಹೋಗುತ್ತದೆ. ಆ ಪಾಕ ಐಸಿನ ಸಂದಿಗಳಲ್ಲಿ ಕೂತಿರುತ್ತದೆ. ಚೀಪಿದ ಕೂಡಲೇ ಅದಷ್ಟೂ ಬಾಯಿಗೆ ಬರುತ್ತದೆ, ನೀರಿನ ಗಡ್ಡೆ ಕಡ್ಡಿಯಲ್ಲೇ ಉಳಿಯುತ್ತದೆ. ಮನೆಯ ಫ್ರೀಜರ್ ನಿಧಾನವಾಗಿ ತಣ್ಣಗಾಗಿಸುವುದರಿಂದ ಐಸಿನ ಹರಳುಗಳೂ ದೊಡ್ಡದಾಗುತ್ತವೆ.

ಹಾಗಾಗಿ ಬರೀ ರಸ ಇಟ್ಟರೆ ಆಗುವುದಿಲ್ಲ. ಎರಡು ವಿಷಯ ಸರಿಹೋಗಬೇಕು. ಒಂದು, ಸಕ್ಕರೆ ಸಾಕಷ್ಟಿರಬೇಕು. ಇನ್ನೊಂದು, ಹಣ್ಣಿನ ತಿರುಳು ಇರಬೇಕು. ಸಕ್ಕರೆ ಇದ್ದಷ್ಟೂ ಒಂದಿಷ್ಟು ಭಾಗ ಹೆಪ್ಪುಗಟ್ಟದೆ ಉಳಿದು ಕಚ್ಚಲು ಮೃದುವಾಗುತ್ತದೆ. ತಿರುಳು ನೀರನ್ನು ಹಿಡಿದಿಟ್ಟುಕೊಂಡು ಹರಳು ದೊಡ್ಡದಾಗಲು ಬಿಡುವುದಿಲ್ಲ. ಹಣ್ಣಿನದ್ದೂ ನಾವು ಹಾಕಿದ್ದೂ ಸೇರಿ ಮಿಶ್ರಣದ ತೂಕದಲ್ಲಿ ಸುಮಾರು 15ರಿಂದ 20 ಶೇಕಡಾ ಸಕ್ಕರೆ ಇದ್ದರೆ ಹದವಾಗಿ ಬರುತ್ತದೆ. ಅದಕ್ಕಿಂತ ತುಂಬಾ ಜಾಸ್ತಿ ಆದರೆ ಗಟ್ಟಿಯಾಗುವುದೇ ಇಲ್ಲ, ಕಡ್ಡಿ ಎಳೆದರೆ ಕೈಗೆ ಬರುತ್ತದೆ.

ತೂಕ ಮಾಡಲು ಆಗದಿದ್ದರೆ ನಾಲಿಗೆಯೇ ಸಾಕು. ತಣ್ಣಗಿರುವ ಪದಾರ್ಥದ ಸಿಹಿ ನಾಲಿಗೆಗೆ ಕಮ್ಮಿ ಗೊತ್ತಾಗುತ್ತದೆ. ಅಚ್ಚಿಗೆ ಹಾಕುವ ಮೊದಲು ರುಚಿ ನೋಡಿದಾಗ ‘ಸ್ವಲ್ಪ ಸಿಹಿ ಜಾಸ್ತಿಯಾಯ್ತು’ ಅನ್ನಿಸಬೇಕು. ಹೆಪ್ಪುಗಟ್ಟಿದ ಮೇಲೆ ಸರಿಯಾಗಿರುತ್ತದೆ. ಕುಡಿಯುವ ಹದಕ್ಕೆ ಇಟ್ಟರೆ ಸಪ್ಪೆಯಾಗುತ್ತದೆ. ಒಂದು ಚಿಟಿಕೆ ಉಪ್ಪು, ಕೊನೆಗೆ ನಿಂಬೆರಸ, ಇವೆರಡನ್ನೂ ಮರೆಯಬೇಡಿ. ಹಣ್ಣಿನ ರುಚಿ ಎದ್ದು ಬರುವುದು ಅವುಗಳಿಂದಲೇ.

ನೀವು ಆರಿಸಿಕೊಂಡ ಕಲ್ಲಂಗಡಿ ಹಣ್ಣುಗಳಲ್ಲೇ ಕಷ್ಟದ್ದು. ಅದರಲ್ಲಿ 90 ಶೇಕಡಾಕ್ಕಿಂತ ಹೆಚ್ಚು ನೀರೇ. ಅರ್ಧ ಲೀಟರ್ ರಸಕ್ಕೆ 4ರಿಂದ 5 ದೊಡ್ಡ ಚಮಚ ಸಕ್ಕರೆ ಬೇಕೇ ಬೇಕು. ರಸ ಸೋಸಬೇಡಿ. ಬೀಜ ತೆಗೆದು ತಿರುಳಿನ ಸಮೇತ ಮಿಕ್ಸಿಗೆ ಹಾಕಿ. ಸಕ್ಕರೆಯನ್ನು ಹಾಗೇ ಹಾಕುವ ಬದಲು ಒಂದು ಸೌಟು ರಸದಲ್ಲೇ ಬಿಸಿ ಮಾಡಿ ಕರಗಿಸಿ, ಆರಿದ ಮೇಲೆ ಉಳಿದ ರಸಕ್ಕೆ ಸೇರಿಸಿ. ಬೇರೆ ನೀರು ಒಂದು ತೊಟ್ಟೂ ಬೇಡ.

ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಮಾವಿನಹಣ್ಣು. ಅದು ಕೆಡುವುದೇ ಅಪರೂಪ. ರಸಪುರಿ ಇರಲಿ, ಬಾದಾಮಿ ಇರಲಿ, ಎರಡು ಕಪ್ ತಿರುಳಿಗೆ ಕಾಲು ಕಪ್ ಸಕ್ಕರೆಯನ್ನು ಅರ್ಧ ಕಪ್ ನೀರಿನಲ್ಲಿ ಕರಗಿಸಿದ ಪಾಕ, ಅರ್ಧ ನಿಂಬೆಹಣ್ಣಿನ ರಸ. ಇಷ್ಟೇ. ರಸಪುರಿಯಲ್ಲಿ ನಾರು ಸಿಕ್ಕಿದರೆ ಒಮ್ಮೆ ಜರಡಿಯಲ್ಲಿ ಸೋಸಿಕೊಳ್ಳಿ.

ಶಿರಸಿಯಿಂದ:

ಮೇಲೆ ಹೇಳಿದ್ದೆಲ್ಲ ಸರಿ. ನಾನು ಸೊಪ್ಪು, ಬೇರುಗಳ ಬಗ್ಗೆ ಹೇಳುತ್ತೇನೆ, ಅದು ನನಗೆ ತುಂಬಾ ಇಷ್ಟದ ವಿಷಯ. ಹಣ್ಣಿನ ಜೊತೆಗೆ ಸೊಪ್ಪನ್ನೂ ಮಿಕ್ಸಿಗೆ ಹಾಕಿ ರುಬ್ಬಿದರೆ ಸೊಪ್ಪಿನ ಒಗರು, ಹಸಿ ವಾಸನೆ ಎರಡೂ ಇಳಿಯುತ್ತವೆ. ಆ ಮೇಲೆ ಮಕ್ಕಳು ಆ ಕಡೆ ತಲೆ ಹಾಕುವುದಿಲ್ಲ. ಸೊಪ್ಪಿನ ಪರಿಮಳವನ್ನು ಸಕ್ಕರೆ ಪಾಕಕ್ಕೆ ಇಳಿಸಿ, ಸೊಪ್ಪು ತೆಗೆದುಬಿಡಬೇಕು.

ಪುದೀನಕ್ಕೆ ಹೀಗೆ ಮಾಡುತ್ತೇನೆ. ಅರ್ಧ ಕಪ್ ಸಕ್ಕರೆ, ಅರ್ಧ ಕಪ್ ನೀರು ಕುದಿಸಿ ಒಲೆ ಆರಿಸುತ್ತೇನೆ. ಒಂದು ಹಿಡಿ ಎಲೆ, ದಂಟು ಬೇಡ, ಬರೀ ಎಲೆ, ಕೈಯಲ್ಲಿ ಹಿಸುಕಿ ಪಾಕಕ್ಕೆ ಹಾಕಿ ತಟ್ಟೆ ಮುಚ್ಚುತ್ತೇನೆ. ಹತ್ತು ನಿಮಿಷ ಬಿಟ್ಟು ಸೋಸಿದರೆ ಪರಿಮಳ ಮಾತ್ರ ಉಳಿಯುತ್ತದೆ. ಒಲೆಯ ಮೇಲೆ ಕುದಿಯಲು ಬಿಟ್ಟರೆ ಎಲೆ ಕಪ್ಪಾಗಿ ಪಾಕವೂ ಕಂದು ಬಣ್ಣಕ್ಕೆ ತಿರುಗುತ್ತದೆ. ಈ ಪಾಕಕ್ಕೆ ಒಂದೂವರೆ ಕಪ್ ತಣ್ಣೀರು, ಎರಡು ಮೂರು ನಿಂಬೆಹಣ್ಣಿನ ರಸ ಹಾಕಿದರೆ ನಿಂಬೆ ಪುದೀನ ಕ್ಯಾಂಡಿ. ಕಲ್ಲಂಗಡಿಗೆ ಸಕ್ಕರೆಯ ಬದಲು ಇದೇ ಪಾಕವನ್ನು ಕಮ್ಮಿ ನೀರಿನಲ್ಲಿ ಗಟ್ಟಿಯಾಗಿ ಮಾಡಿ ಹಾಕಬಹುದು.

ನಿಂಬೆರಸವನ್ನು ಮಾತ್ರ ಪಾಕ ಪೂರ್ತಿ ಆರಿದ ಮೇಲೆ ಹಾಕಿ. ಬಿಸಿಯಲ್ಲಿ ಅದರ ಘಮ ಹಾರಿಹೋಗುತ್ತದೆ. ಬೀಜ ಒಂದೂ ಉಳಿಯದಂತೆ ನೋಡಿಕೊಳ್ಳಿ, ಕಹಿಯಾಗುತ್ತದೆ.

ತುಳಸಿಗೆ ಕೈ ಬಿಗಿ ಇರಲಿ. ಅರ್ಧ ಲೀಟರಿಗೆ ಐದಾರು ಎಲೆ ಸಾಕು. ಜಾಸ್ತಿಯಾದರೆ ಜ್ವರದ ಕಷಾಯದ ರುಚಿ. ಮಜ್ಜಿಗೆ ಹುಲ್ಲು (ನಿಂಬೆ ಹುಲ್ಲು) ಹಾಗಲ್ಲ, ಅದನ್ನು ತುಂಡು ಮಾಡಿ, ಬುಡ ಜಜ್ಜಿ, ಶುಂಠಿಯ ಜೊತೆ ಐದು ನಿಮಿಷ ಕುದಿಸಿದರೇ ಸೊಗಸು. ಲಾವಂಚದ ಬೇರು ಸಿಕ್ಕರೆ ಮಣ್ಣು ಹೋಗುವಂತೆ ಚೆನ್ನಾಗಿ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ರಾತ್ರಿ ನೆನೆಸಿ. ಬೆಳಗ್ಗೆ ಆ ನೀರಿನಿಂದಲೇ ಪಾಕ ಮಾಡಿ, ನಿಂಬೆ ಹಿಂಡಿ. ಬೇಸಿಗೆಯಲ್ಲಿ ಅದನ್ನು ತಿಂದವರು ಮತ್ತೆ ಬಣ್ಣದ ಕ್ಯಾಂಡಿ ಕೇಳುವುದಿಲ್ಲ, ನಮ್ಮ ಮನೆಯ ಮಕ್ಕಳನ್ನು ನೋಡಿ ಹೇಳುತ್ತಿದ್ದೇನೆ.

ಇನ್ನು ಬಣ್ಣ ಬೇಕೆಂದರೆ ಮುರುಗಲು, ಅಂದರೆ ಕೋಕಂ, ಇದೆಯಲ್ಲ. ಒಣಗಿದ ಸಿಪ್ಪೆ ಅಂಗಡಿಯಲ್ಲಿ ಸಿಗುತ್ತದೆ, ಉಪ್ಪು ಹಾಕದ್ದನ್ನು ಕೇಳಿ ತೆಗೆದುಕೊಳ್ಳಿ. ಒಂದು ಹಿಡಿ ಸಿಪ್ಪೆಯನ್ನು ಎರಡು ಕಪ್ ನೀರಿನಲ್ಲಿ ಮೂರ್ನಾಲ್ಕು ಗಂಟೆ ನೆನೆಸಿ ಕಿವುಚಿ ಸೋಸಿ. ಅರ್ಧ ಕಪ್ ಸಕ್ಕರೆ, ಚಿಟಿಕೆ ಉಪ್ಪು, ಹುರಿದು ಪುಡಿ ಮಾಡಿದ ಜೀರಿಗೆ ಸ್ವಲ್ಪ. ಯಾವ ಅಂಗಡಿ ಬಣ್ಣಕ್ಕೂ ಕಮ್ಮಿ ಇಲ್ಲದ ಕೆಂಪು ಬರುತ್ತದೆ.

ಮಂಗಳೂರಿನಿಂದ:

ಮುರುಗಲಿಗೆ ನಮ್ಮ ಕಡೆ ಪುನರ್ಪುಳಿ ಅನ್ನುತ್ತೇವೆ, ಅದರ ಬಗ್ಗೆ ಶಿರಸಿಯವರು ಹೇಳಿಬಿಟ್ಟರು. ನಾನು ಎಳನೀರಿನದ್ದು ಹೇಳುತ್ತೇನೆ. ಎಳನೀರಿನಲ್ಲಿ ಸಕ್ಕರೆ ತುಂಬಾ ಕಮ್ಮಿ, ಹಾಗೇ ಇಟ್ಟರೆ ಕಲ್ಲಾಗುತ್ತದೆ. ಒಳಗಿನ ತೆಳು ಗಂಜಿಯನ್ನು ಅದೇ ನೀರಿನ ಜೊತೆ ನುಣ್ಣಗೆ ರುಬ್ಬಿ, ಸಿಹಿ ಸೇರಿಸಿ. ನೆನೆಸಿದ ಕಾಮಕಸ್ತೂರಿ ಬೀಜ ಒಂದು ಚಮಚ ಹಾಕಿದರೆ ನೋಡಲು ಚೆಂದ, ಬಾಯಿಗೂ ಚೆಂದ. ಸ್ವಲ್ಪ ಗಂಜಿಯನ್ನು ರುಬ್ಬದೆ ಸಣ್ಣಗೆ ಹೆಚ್ಚಿ ಹಾಕಿ, ನಡುವೆ ಸಿಗುತ್ತದೆ.

ಮಂಡ್ಯದಿಂದ:

ಕಬ್ಬಿನ ಹಾಲನ್ನು ಯಾರೂ ಹೇಳಲಿಲ್ಲವಲ್ಲ! ಅದರಲ್ಲೇ ಬೇಕಾದಷ್ಟು ಸಕ್ಕರೆ ಇರುತ್ತದೆ, ಮೇಲೆ ಏನೂ ಸೇರಿಸಬೇಕಾಗಿಲ್ಲ. ಗಾಣದವರಿಗೆ ಐಸ್ ಹಾಕಬೇಡಿ, ಕಬ್ಬಿನ ಜೊತೆ ಶುಂಠಿ ಒಂದು ತುಂಡು ಕೊಟ್ಟು ತಿರುಗಿಸಿ ಅಂತ ಹೇಳಿ. ಗಾಣ, ಕೈ, ಪಾತ್ರೆ ಚೊಕ್ಕಟ ಇರುವ ಕಡೆಯೇ ತೆಗೆದುಕೊಳ್ಳಿ. ತಂದ ಕೂಡಲೇ ನಿಂಬೆ ಹಿಂಡಿ ಅಚ್ಚಿಗೆ ಹಾಕಿ. ಸುಮ್ನೆ ಇಟ್ಟರೆ ಕಪ್ಪಾಗುತ್ತದೆ, ಹುಳಿ ಬರಲೂ ಶುರುವಾಗುತ್ತದೆ.

ಬೆಲ್ಲದ ರುಚಿ ಇಷ್ಟಪಡುವವರು ರಾಮನವಮಿಯ ಪಾನಕವನ್ನೂ ಹೀಗೆ ಮಾಡಬಹುದು. ಬೆಲ್ಲ ಕರಗಿಸಿ ಸೋಸಿ, ಏಲಕ್ಕಿ, ಶುಂಠಿ, ಮೆಣಸು, ನಿಂಬೆ. ಕುಡಿಯುವ ಪಾನಕಕ್ಕಿಂತ ಬೆಲ್ಲ ಸ್ವಲ್ಪ ಮುಂದಿರಲಿ. ಮೆಣಸಿನ ಖಾರ ತಣ್ಣಗಿನ ಸಿಹಿಯ ಹಿಂದೆಯೇ ಗಂಟಲಿಗೆ ಬರುತ್ತದೆ, ದೊಡ್ಡವರಿಗೆ ಬಹಳ ಹಿಡಿಸುತ್ತದೆ.

ರಾಯಚೂರಿನಿಂದ, ಮತ್ತೆ:

ಎಲ್ಲರಿಗೂ ತುಂಬಾ ಧನ್ಯವಾದ. ಕಲ್ಲಂಗಡಿ ಪುದೀನ ನಾಳೆಯೇ ಮಾಡುತ್ತೇನೆ. ಇನ್ನೆರಡು ಸಂಶಯ. ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಮಕ್ಕಳು ತಿನ್ನುವಾಗ ಅವರೊಬ್ಬರೇ ಸುಮ್ಮನೆ ಕೂರುವುದನ್ನು ನೋಡಲು ಆಗುವುದಿಲ್ಲ. ಸಕ್ಕರೆಯ ಬದಲು ಬೆಲ್ಲ, ಜೇನುತುಪ್ಪ ಹಾಕಬಹುದಾ? ಮತ್ತೆ ನಮ್ಮಲ್ಲಿ ಮಧ್ಯಾಹ್ನ ಕರೆಂಟ್ ಹೋಗುತ್ತದೆ. ಅರ್ಧ ಕರಗಿದ್ದನ್ನು ಮತ್ತೆ ಗಟ್ಟಿ ಮಾಡಬಹುದಾ?

ಹುಬ್ಬಳ್ಳಿಯಿಂದ:

ಬೆಲ್ಲ, ಜೇನು ಎರಡೂ ರಕ್ತದ ಸಕ್ಕರೆ ಏರಿಸುತ್ತವೆ ರೀ. ‘ಇದು ನೈಸರ್ಗಿಕ, ಪರವಾಗಿಲ್ಲ’ ಅಂತ ಅತ್ತೆಯವರಿಗೆ ಕೊಡಬೇಡಿ. ಮಾವಿನ ಹಣ್ಣಿನದ್ದೂ ಅಷ್ಟೇ. ಜೇನಿನ ಬಗ್ಗೆ ಇನ್ನೊಂದು ಮಾತು, ಒಂದು ವರ್ಷ ತುಂಬದ ಕೂಸಿಗೆ ಅದನ್ನು ಯಾವ ರೂಪದಲ್ಲೂ ಕೊಡಬಾರದು.

ಅವರಿಗಾಗಿ ಖಾರದ ಮಸಾಲೆ ಮಜ್ಜಿಗೆ ಕ್ಯಾಂಡಿ ಮಾಡಿ. ನೀರು ಮಜ್ಜಿಗೆ ಬೇಡ. ಕೆನೆ ಇರುವ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಒಂದು ಗಂಟೆ ನೇತುಹಾಕಿ. ಎರಡು ಕಪ್ ಮೊಸರಿಗೆ ಶುಂಠಿ, ಅರ್ಧ ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ, ಇಂಗು, ಉಪ್ಪು ಹಾಕಿ ರುಬ್ಬಿ. ಇದರಲ್ಲಿ ಸಕ್ಕರೆ ಇಲ್ಲದ್ದರಿಂದ ಹಣ್ಣಿನದ್ದರಷ್ಟು ಮೃದು ಆಗುವುದಿಲ್ಲ. ಹೊರಗೆ ತೆಗೆದು ಐದು ನಿಮಿಷ ಬಿಟ್ಟು ತಿನ್ನಲಿ. ಬಿಸಿಲಲ್ಲಿ ಹೊಲದಿಂದ ಬಂದ ನಮ್ಮ ಮಾವನವರಿಗೆ ಇದನ್ನು ಕೊಟ್ಟರೆ ಮುಖ ಅರಳುತ್ತದೆ.

ವಿಜಯಪುರದಿಂದ:

ದ್ರಾಕ್ಷಿ ನಮ್ಮೂರಿನ ಬೆಳೆ, ಹೇಳದಿದ್ದರೆ ಹೇಗೆ? ಚೆನ್ನಾಗಿ ಮಾಗಿದ ದ್ರಾಕ್ಷಿಗೆ ಸಕ್ಕರೆ ಬೇಡವೇ ಬೇಡ. ಆದರೆ ಔಷಧ ಸಿಂಪಡಿಸಿರುತ್ತಾರೆ, ಹಾಗಾಗಿ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ, ಎರಡು ಮೂರು ನೀರಿನಲ್ಲಿ ತೊಳೆಯಿರಿ. ಕಪ್ಪು ದ್ರಾಕ್ಷಿ ಆದರೆ ಒಂದೆರಡು ಚಮಚ ನೀರು ಹಾಕಿ ಸಿಪ್ಪೆ ಒಡೆಯುವವರೆಗೆ ಬಿಸಿ ಮಾಡಿ, ಹಿಸುಕಿ, ಸೋಸಿ. ಬಣ್ಣ ಇರುವುದು ಸಿಪ್ಪೆಯಲ್ಲಿ, ಹಸಿಯಾಗಿ ಹಿಂಡಿದರೆ ಪೂರ್ತಿ ಬರುವುದಿಲ್ಲ. ಸಣ್ಣ ಮಕ್ಕಳಿರುವ ಮನೆಯಲ್ಲಿ ಅಂದಕ್ಕೆಂದು ಇಡೀ ದ್ರಾಕ್ಷಿ ಹಾಕಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಉದ್ದಕ್ಕೆ ನಾಲ್ಕು ಸೀಳು ಮಾಡಿ ಹಾಕಿ.

ಮೈಸೂರಿನಿಂದ:

ಅಚ್ಚಿನ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಪ್ಲಾಸ್ಟಿಕ್ ಅಚ್ಚಿಗಿಂತ ಸಣ್ಣ ಸ್ಟೀಲ್ ಲೋಟ ವಾಸಿ. ಸ್ಟೀಲ್ ಬೇಗ ತಣ್ಣಗಾಗುತ್ತದೆ, ಬೇಗ ಹೆಪ್ಪುಗಟ್ಟಿದಷ್ಟೂ ಹರಳು ಸಣ್ಣದು. ಮಿಶ್ರಣವನ್ನು ಮೊದಲು ಫ್ರಿಜ್‌ನ ಕೆಳಗಿನ ಅರೆಯಲ್ಲಿ ಚೆನ್ನಾಗಿ ತಣ್ಣಗೆ ಮಾಡಿಕೊಂಡು ಆಮೇಲೆ ಲೋಟಕ್ಕೆ ಹಾಕಿ. ಅಂಚಿನವರೆಗೆ ತುಂಬಬೇಡಿ. ನೀರು ಐಸ್ ಆಗುವಾಗ ಸುಮಾರು 9 ಶೇಕಡಾ ಉಬ್ಬುತ್ತದೆ. ಒಂದು ಒಂದೂವರೆ ಗಂಟೆಯಲ್ಲಿ ಅಂಚು ಗಟ್ಟಿಯಾಗಿ ನಡುವೆ ಕೆಸರಿನ ಹಾಗೆ ಇರುತ್ತದೆ. ಆಗ ಒಮ್ಮೆ ಚಮಚದಿಂದ ಕಲಸಿ ಕಡ್ಡಿ ಚುಚ್ಚಿ, ನೆಟ್ಟಗೆ ನಿಲ್ಲುತ್ತದೆ. ಹೀಗೆ ಕಲಸುವುದು ಇನ್ನೊಂದು ಕೆಲಸ ಅನ್ನಿಸಬಹುದು, ಆದರೆ ಮಿಷನ್ ಇಲ್ಲದವರಿಗೆ ಇದರಷ್ಟು ಉಪಯೋಗದ್ದು ಬೇರೆ ಇಲ್ಲ. ತೆಗೆಯುವಾಗ ಬಿಸಿನೀರು ಬೇಡ. ನಲ್ಲಿಯ ನೀರಿನಲ್ಲಿ ಲೋಟ ಸ್ವಲ್ಪ ಹೊತ್ತು ಅದ್ದಿ ತಿರುಗಿಸಿದರೆ ತಾನೇ ಬಿಡುತ್ತದೆ. ತೆಗೆದದ್ದನ್ನು ಮುಚ್ಚಳದ ಡಬ್ಬಿಯಲ್ಲಿ ಇಡಿ, ಇಲ್ಲದಿದ್ದರೆ ಮೀನು, ಮಸಾಲೆಯ ವಾಸನೆ ಹಿಡಿಯುತ್ತದೆ.

ನೀರನ್ನು ಕುದಿಸಿ ಆರಿಸಿಯೇ ಬಳಸಿ. ಫ್ರೀಜರ್‌ನಲ್ಲಿ ಇಟ್ಟರೆ ಕ್ರಿಮಿ ಸಾಯುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ, ಹಾಗಿಲ್ಲ. ಚಳಿಯಲ್ಲಿ ಅವು ಸುಮ್ಮನಿರುತ್ತವೆ ಅಷ್ಟೇ.

ಕರೆಂಟ್ ಹೋಗಿ ಕರಗಿದ ಹಣ್ಣಿನ ಕ್ಯಾಂಡಿ ಇನ್ನೂ ತಣ್ಣಗಿದ್ದರೆ ಲೋಟಕ್ಕೆ ಸುರಿದು ಆಗಲೇ ಶರಬತ್ತಿನಂತೆ ಕುಡಿದುಬಿಡಿ. ಮತ್ತೆ ಗಟ್ಟಿ ಮಾಡಿದರೆ ಹರಳು ಹರಳಾಗಿ ಮತ್ತೆ ನಿಮ್ಮ ಮೊದಲಿನ ಕಲ್ಲೇ ಆಗುತ್ತದೆ. ಮೊಸರು, ಹಾಲು ಹಾಕಿದ್ದು ಬೆಚ್ಚಗಾಗಿದ್ದರೆ ಚೆಲ್ಲಿ, ಉಳಿಸಬೇಡಿ. ಕರೆಂಟ್ ಇಲ್ಲದಾಗ ಬಾಗಿಲು ತೆರೆಯದಂತೆ ಮಕ್ಕಳಿಗೆ ಹೇಳಿ. ಫ್ರೀಜರ್‌ನಲ್ಲಿ ಖಾಲಿ ಜಾಗ ಇದ್ದರೆ ಮುಕ್ಕಾಲು ನೀರು ತುಂಬಿದ ಬಾಟಲಿ ಇಟ್ಟು ಐಸ್ ಮಾಡಿಕೊಳ್ಳಿ. ತುಂಬಿದ ಫ್ರೀಜರ್ ಖಾಲಿಯದ್ದಕ್ಕಿಂತ ಜಾಸ್ತಿ ಹೊತ್ತು ತಂಪು ಹಿಡಿಯುತ್ತದೆ. ಕ್ಯಾಂಡಿ ಡಬ್ಬಿಯನ್ನು ಆ ಬಾಟಲಿಗಳ ನಡುವೆ, ಹಿಂದಿನ ಗೋಡೆಗೆ ತಾಗಿಸಿ ಇಡಿ.