ಸಹಾಯ ಬೇಕು: 7.1 ಹಾಕಿಸ್ಲಾ, 5.1.2 ಸಾಕಾ?

ಎಲ್ಲರಿಗೂ ನಮಸ್ಕಾರ. ಹಾಲ್‌ಗೆ ಹೋಮ್ ಥಿಯೇಟರ್ ಹಾಕಿಸ್ಬೇಕು ಅಂತಿದೀನಿ. ಹಾಲ್ 12x14 ಅಡಿ, ಸೋಫಾ ಹಿಂದಿನ ಗೋಡೆಗೆ ಅಂಟ್ಕೊಂಡೇ ಇದೆ. ಮುಂದಕ್ಕೆ ಎಳೆಯೋಕೆ ಮನೇಲಿ ಯಾರೂ ಒಪ್ಪಲ್ಲ, ಆ ಸಲಹೆ ದಯವಿಟ್ಟು ಬೇಡ!

5.1.2 ಅನ್ನೋದ್ರಲ್ಲಿ ಮೊದಲ ಅಂಕಿ ಕಿವಿ ಮಟ್ಟದ ಸ್ಪೀಕರ್‌ಗಳು, ಎರಡನೇದು ಸಬ್‌ವೂಫರ್ (ಬಾಸ್ ಸ್ಪೀಕರ್), ಮೂರನೇದು ತಲೆ ಮೇಲಿನವು, ಇಷ್ಟು ಗೊತ್ತಾಗಿದೆ. ಅಂಗಡಿಯವರು 7.1 ತಗೊಳ್ಳಿ ಅಂತಾರೆ. ಆದ್ರೆ ಅದರ ಹಿಂದಿನ ಜೋಡಿ 135–150 ಡಿಗ್ರಿಯಲ್ಲಿ (ಕೂತವರ ನೇರ ಮುಂದೆ 0 ಅಂತ ಲೆಕ್ಕ) ಕೂರ್ಬೇಕು, ನಮ್ಮಲ್ಲಿ ಸೋಫಾ ಹಿಂದೆ ಜಾಗವೇ ಇಲ್ವಲ್ಲ. 5.1ರ ಸರೌಂಡ್ ಜೋಡಿಯನ್ನೇ (ಎಡ-ಬಲ ಪಕ್ಕದ ಸ್ಪೀಕರ್‌ಗಳು) 110ರ ಬದಲು 90ಕ್ಕೆ, ಪಕ್ಕದ ಗೋಡೆಗೆ ಹಾಕ್ಬೇಕಾಗುತ್ತೆ.

ಫಾಲ್ಸ್ ಸೀಲಿಂಗ್ ಇನ್ನೂ ಮುಚ್ಚಿಲ್ಲ. ಈಗಲೇ ವೈರ್ ಎಳೆಸಿ 5.1.2 ಮಾಡಿಸೋದೇ ವಾಸಿ ಅನ್ಸುತ್ತೆ, ಸರೀನಾ? ಮೇಲಿನ ಎರಡು ಸ್ಪೀಕರ್ ತಲೆ ನೇರಕ್ಕೋ, ಸ್ವಲ್ಪ ಮುಂದಕ್ಕೋ? ಹಾಕಿಸ್ಕೊಂಡಿರೋರು ಹೇಳಿ, ಸೀಲಿಂಗ್‌ನವರು ಸೋಮವಾರ ಬರ್ತಾರೆ.